ದೂರವಿದ್ದ ಮಾತ್ರಕ್ಕೆ ಬಿಡುಗಡೆಯಿಲ್ಲ

ಮಧುಗಿರಿ ತಾಲ್ಲೂಕಿನ ದೊಡ್ಡೇರಿ ಹೋಬಳಿಯ ಬಹಳಷ್ಟು ಊರುಗಳಲ್ಲಿ ಇಂಥದೊಂದು ಮನೆ ಇರುತ್ತದೆ. ಮದುವೆಯಾಗಿ ಹೋದ ಮಗಳು ಎರಡು ಮೂರು ವರ್ಷಕ್ಕೆ ಕೂಸನ್ನು ಎತ್ತಿಕೊಂಡು ತವರಿಗೆ ಮರಳಿರುತ್ತಾಳೆ. ಹಿರಿಯರು ಒಂದೆರಡು ಸಲ ಪಂಚಾಯ್ತಿ ಕೂರಿಸಿ ಸುಮ್ಮನಾಗಿರುತ್ತಾರೆ. ಗಂಡ ಪೀಣ್ಯದಲ್ಲೋ ನೆಲಮಂಗಲದಲ್ಲೋ ಕೆಲಸ ಹಿಡಿದು ಅಲ್ಲೇ ನೆಲೆಸಿರುತ್ತಾನೆ. ಆಕೆ ಕಡಲೆಕಾಯಿ ಕೀಳುವ ಕಾಲಕ್ಕೆ ಕೂಲಿಗೆ ಹೋಗುತ್ತಾಳೆ, ಉಳಿದ ದಿನ ಗಾರ್ಮೆಂಟ್ಸ್ ವ್ಯಾನು ಹತ್ತುತ್ತಾಳೆ. ಅಂದಿನ ಕೂಸು ಇಂದು ಹೈಸ್ಕೂಲಿನಲ್ಲಿದೆ. ಗಂಡಹೆಂಡತಿ ಮುಖ ನೋಡಿ ಹತ್ತು ವರ್ಷವೇ ಕಳೆದಿದೆ. ಊರಿನ ಪಾಲಿಗೆ ಆ ಸಂಬಂಧ ಎಂದೋ ಮುಗಿದುಹೋಗಿದೆ. ಕಾನೂನಿನ ಪಾಲಿಗೆ ಅದು ಧಾರೆಯ ದಿನ ಎಷ್ಟು ಗಟ್ಟಿಯಿತ್ತೋ ಇಂದಿಗೂ ಅಷ್ಟೇ ಗಟ್ಟಿಯಾಗಿದೆ.

ಹೀಗೆ ಬದುಕುವವರು ಎಷ್ಟು ಮಂದಿ ಎಂಬುದಕ್ಕೆ 2011ರ ಜನಗಣತಿಯಲ್ಲಿ ಸುಳಿವಿದೆ. ದೇಶದಲ್ಲಿ ವಿಚ್ಛೇದಿತರೆಂದು ಬರೆಸಿಕೊಂಡವರು ಸುಮಾರು 13.6 ಲಕ್ಷ. ವಿಚ್ಛೇದನವಿಲ್ಲದೆ ಬೇರೆಯಾಗಿದ್ದೇವೆ ಎಂದು ಬರೆಸಿಕೊಂಡವರು ಅದರ ಹೆಚ್ಚುಕಡಿಮೆ ಮೂರು ಪಟ್ಟು. ಅಂದರೆ ಮುರಿದ ಮದುವೆಗಳಲ್ಲಿ ದೊಡ್ಡ ಪಾಲು ನ್ಯಾಯಾಲಯದ ಮೆಟ್ಟಿಲನ್ನು ಹತ್ತಿಯೇ ಇಲ್ಲ. ಯಾರ ಮೇಲೂ ತಪ್ಪು ಹೊರಿಸದೆ, ದೀರ್ಘ ಕಾಲ ದೂರವಿದ್ದೇವೆ ಎಂಬ ಒಂದೇ ಕಾರಣಕ್ಕೆ ಮದುವೆಯನ್ನು ಬಿಡಿಸಿಕೊಳ್ಳಲು ಬರುತ್ತದೆಯೇ ಎಂಬುದು ಇವರೆಲ್ಲರ ಪ್ರಶ್ನೆ. ಇಬ್ಬರೂ ಒಪ್ಪಿದರೆ ಬರುತ್ತದೆ, ಅದೂ ಜನ ಅಂದುಕೊಂಡದ್ದಕ್ಕಿಂತ ಸಲೀಸಾಗಿ. ಒಬ್ಬರು ಒಪ್ಪದಿದ್ದರೆ ದಾರಿ ಬಹಳ ಕಿರಿದು.

ಏಳು ವರ್ಷದ ತಪ್ಪು ಲೆಕ್ಕ

ಏಳು ವರ್ಷ ಬೇರೆ ಇದ್ದರೆ ಮದುವೆ ತಾನಾಗಿಯೇ ಬಿಟ್ಟುಹೋಗುತ್ತದೆ ಎಂಬ ಮಾತು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಮಾತ್ರವಲ್ಲ, ನಾಡಿನ ಎಲ್ಲೆಡೆ ಕೇಳಿಬರುತ್ತದೆ. ಇಂಥ ಕಾನೂನು ಇಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 13ನೇ ಕಲಮಿನಲ್ಲಿ ಏಳು ವರ್ಷದ ಪ್ರಸ್ತಾಪವೇನೋ ಇದೆ. ಆದರೆ ಅದು ಏಳು ವರ್ಷ ಅಥವಾ ಹೆಚ್ಚು ಕಾಲ ಬದುಕಿರುವ ಸುದ್ದಿಯೇ ಇಲ್ಲದೆ ಕಾಣೆಯಾದ ಸಂಗಾತಿಗೆ ಸಂಬಂಧಿಸಿದ್ದು. ಅಲ್ಲಿಯೂ ಅರ್ಜಿ ಹಾಕಬೇಕು, ಡಿಕ್ರಿ ಪಡೆಯಬೇಕು. ಗಂಡ ಪೀಣ್ಯದಲ್ಲಿದ್ದಾನೆ, ಹಬ್ಬಕ್ಕೆ ಊರಿಗೆ ಬಂದು ಹೋಗುತ್ತಾನೆ ಎಂದು ಎಲ್ಲರಿಗೂ ಗೊತ್ತಿದ್ದರೆ ಆ ಕಲಮು ಅನ್ವಯಿಸುವುದೇ ಇಲ್ಲ.

ಈ ತಪ್ಪು ನಂಬಿಕೆಯ ಬೆಲೆ ದೊಡ್ಡದು. ಏಳು ವರ್ಷ ಕಳೆಯಿತೆಂದು ಇನ್ನೊಂದು ಮದುವೆ ಮಾಡಿಕೊಂಡರೆ ಆ ಮದುವೆ ಶೂನ್ಯ. ಮದುವೆಯಾದವರ ಮೇಲೆ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಡಿ ಏಳು ವರ್ಷದವರೆಗೆ ಶಿಕ್ಷೆಯಾಗುವ ಅಪರಾಧ ಬೀಳುತ್ತದೆ. ಎರಡನೆಯ ಹೆಂಡತಿಯಾಗಿ ಬಂದವಳಿಗೆ ಹೆಂಡತಿಯೆಂಬ ಸ್ಥಾನ ಸಿಗುವುದಿಲ್ಲ. ಮಕ್ಕಳ ವಿಷಯದಲ್ಲಿ ಕಾನೂನು ಮೃದುವಾಗಿದೆ. ಅವರನ್ನು ಔರಸ ಮಕ್ಕಳೆಂದೇ ಅದು ಎಣಿಸುತ್ತದೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆಗೆ ಬರುವ ಪಾಲಿನಲ್ಲಿ ಅವರಿಗೂ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್ 1ರಂದು ಹೇಳಿತು. ಆ ಪ್ರಕರಣ ಹೋದದ್ದು ಕರ್ನಾಟಕದಿಂದಲೇ.

ಕಟ್ಟೆಯ ಮೇಲೆ ಆದ ಬಿಡುಗಡೆ

ಈ ಸೀಮೆಗೆ ವಿಚ್ಛೇದನ ಹೊಸದಲ್ಲ. ಪುರೋಹಿತ ವರ್ಗದ ಜಾತಿಗಳಲ್ಲಿ ಮದುವೆಯನ್ನು ಬಿಡಿಸುವ ಮಾತೇ ಇರದಿದ್ದ ಕಾಲದಲ್ಲೂ, ಬೇಸಾಯ ಮತ್ತು ಪಶುಪಾಲನೆಯ ಅನೇಕ ಸಮುದಾಯಗಳಲ್ಲಿ ಹಿರಿಯರ ಮುಂದೆ ಸಂಬಂಧ ಕಡಿದುಕೊಳ್ಳುವ ರೂಢಿಯಿತ್ತು. ಕಾಡುಗೊಲ್ಲರ ಹಟ್ಟಿಗಳಲ್ಲಿ ಇಂಥ ವ್ಯಾಜ್ಯ ಕಟ್ಟೆಮನೆಯ ಮುಂದೆ ಬರುತ್ತಿತ್ತು. ಬಿಟ್ಟ ಹೆಣ್ಣಿಗೆ ಕೂಡಿಕೆ, ಉಡಿಕೆ ಎಂಬ ಹೆಸರಿನಲ್ಲಿ ಮತ್ತೊಂದು ಸಂಬಂಧವೂ ಆಗುತ್ತಿತ್ತು. ಇತ್ತ ಶಾಸನದ ದಾರಿಯಲ್ಲಿ ಧಾರವಾಡ, ಬೆಳಗಾವಿ, ವಿಜಯಪುರಗಳಿಗೆ 1947ರ ಮುಂಬಯಿ ಹಿಂದೂ ವಿಚ್ಛೇದನ ಕಾಯ್ದೆ, ಬಳ್ಳಾರಿ ಮತ್ತು ದಕ್ಷಿಣ ಕನ್ನಡಕ್ಕೆ 1949ರ ಮದರಾಸು ಕಾಯ್ದೆ ಬಂದವು. 1955ರ ಕಾಯ್ದೆ ಇಡೀ ದೇಶದ ಹಿಂದೂಗಳಿಗೆ ಒಂದೇ ಕಾನೂನು ಮಾಡಿದಾಗ, ರೂಢಿಯ ವಿಚ್ಛೇದನವನ್ನು ಅಳಿಸಲಿಲ್ಲ. 29ನೇ ಕಲಮಿನಲ್ಲಿ ಅದನ್ನು ಹಾಗೆಯೇ ಉಳಿಸಿತು.

ಉಳಿಸಿದ್ದೇನೋ ನಿಜ, ಆದರೆ ರೂಢಿ ಇತ್ತೆಂದು ಹೇಳುವವರೇ ಅದನ್ನು ಸಾಬೀತು ಮಾಡಬೇಕು. ತಮ್ಮ ಸಮುದಾಯದಲ್ಲಿ ಅದು ಬಹುಕಾಲದಿಂದ, ತಡೆಯಿಲ್ಲದೆ ನಡೆದುಬಂದಿದೆ ಎಂಬುದಕ್ಕೆ ಸಾಕ್ಷ್ಯ ಒದಗಿಸಬೇಕು. ಕರ್ನಾಟಕದ ಒಂದು ಪ್ರಕರಣದಲ್ಲಿ ಪಕ್ಷಗಾರರು 1982ರಲ್ಲಿ ಮಾಡಿಕೊಂಡ ವಿಚ್ಛೇದನ ಪತ್ರ 2002ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಇಂಥ ರೂಢಿಯನ್ನು ನಿರ್ದಿಷ್ಟವಾಗಿ ಪ್ರತಿಪಾದಿಸಿ ಸಾಬೀತು ಮಾಡದೆ ಅಂಥ ಪತ್ರಕ್ಕೆ ಬೆಲೆಯಿಲ್ಲ ಎಂದು ಕೋರ್ಟು ಸ್ಪಷ್ಟಪಡಿಸಿತು. ಒಂದು ಕಾಗದದ ಗತಿ ಏನೆಂದು ತಿಳಿಯಲು ಇಪ್ಪತ್ತು ವರ್ಷ ಹಿಡಿಯಿತು.

ಇಷ್ಟಾದರೂ ಛಾಪಾ ಕಾಗದದ ಮೇಲೆ ಬರೆದು, ಇಬ್ಬರ ಸಹಿ ಹಾಕಿಸಿ, ನೋಟರಿ ಮೊಹರು ಒತ್ತಿಸಿದ ಬಿಡುಗಡೆ ಪತ್ರಗಳು ಇಂದಿಗೂ ಹುಟ್ಟುತ್ತಲೇ ಇವೆ. ನೋಟರಿಗಳು ಮದುವೆಯ ಅಥವಾ ವಿಚ್ಛೇದನದ ಪತ್ರ ಮಾಡಿಕೊಡುವಂತಿಲ್ಲ ಎಂದು ಕೇಂದ್ರದ ಕಾನೂನು ವ್ಯವಹಾರಗಳ ಇಲಾಖೆ 2024ರ ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಎಚ್ಚರಿಸಬೇಕಾಯಿತು. ಮೊಹರು ಎಷ್ಟೇ ದೊಡ್ಡದಿರಲಿ, ಆ ಕಾಗದದಿಂದ ಮದುವೆ ಕರಗುವುದಿಲ್ಲ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಗಂಡ ಹೆಂಡತಿ ಪರಸ್ಪರ ಒಪ್ಪಿ ಬೇರೆ ವಾಸವಾಗಿದ್ದರೆ ಹೆಂಡತಿಗೆ ಮಾಸಿಕ ಜೀವನಾಂಶ ಸಿಗುವುದಿಲ್ಲ ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಹೇಳುತ್ತದೆ. 2024ರ ಜುಲೈಗೆ ಮೊದಲು ಇದೇ ನಿಯಮ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿತ್ತು. ಪಂಚಾಯ್ತಿಯಲ್ಲಿ ಹಿರಿಯರು ಹೇಳಿದರೆಂದು, ‘ನಾವಿಬ್ಬರೂ ಒಪ್ಪಿ ಬೇರೆಯಾಗಿದ್ದೇವೆ’ ಎಂಬ ಬರಹಕ್ಕೆ ಹೆಬ್ಬೆಟ್ಟೊತ್ತಿದ ಹೆಣ್ಣುಮಗಳಿಗೆ ವಿಚ್ಛೇದನವೂ ಸಿಕ್ಕಿರುವುದಿಲ್ಲ. ನಾಳೆ ಜೀವನಾಂಶ ಕೇಳಲು ಹೋದರೆ ಅದೇ ಕಾಗದ ಎದುರು ವಕೀಲರ ಕೈಯಲ್ಲಿರುತ್ತದೆ. ಈ ಭಾಗದ ಹೆಣ್ಣುಮಕ್ಕಳಿಗೆ ಯಾರಾದರೂ ಒಂದೇ ಒಂದು ಕಾನೂನು ಮಾತು ಹೇಳುವುದಾದರೆ ಇದನ್ನೇ ಹೇಳಬೇಕು.

ಇಬ್ಬರೂ ಒಪ್ಪಿದರೆ

ತಪ್ಪು ಹೊರಿಸದ ವಿಚ್ಛೇದನಕ್ಕೆ ಭಾರತದಲ್ಲಿ ಇರುವ ನೇರ ದಾರಿ ಪರಸ್ಪರ ಒಪ್ಪಿಗೆಯದು. ಜನರ ಬಾಯಲ್ಲಿ ಅದು ಮ್ಯೂಚುವಲ್ ಡೈವೋರ್ಸ್. 1976ರ ತಿದ್ದುಪಡಿಯ ಮೂಲಕ 13-ಬಿ ಎಂಬ ಕಲಮಾಗಿ ಅದು ಹಿಂದೂ ವಿವಾಹ ಕಾಯ್ದೆಗೆ ಬಂತು. ಅದುವರೆಗೆ ಆ ಕಾಯ್ದೆಯಡಿ ಸಾಮಾನ್ಯವಾಗಿ ಒಬ್ಬರು ಇನ್ನೊಬ್ಬರನ್ನು ಕಟಕಟೆಯಲ್ಲಿ ನಿಲ್ಲಿಸಿ ದೂರದೆ ಬಿಡುಗಡೆಯಿರಲಿಲ್ಲ.

ಕಾನೂನು ಕೇಳುವುದು ಮೂರು ಮಾತು. ಒಂದು ವರ್ಷದಿಂದ ಬೇರೆಯಾಗಿ ಬದುಕುತ್ತಿರಬೇಕು, ಕೂಡಿ ಬಾಳಲು ಆಗಿಲ್ಲ ಎನ್ನಬೇಕು, ಮದುವೆ ಬಿಡಿಸಿಕೊಳ್ಳಲು ಇಬ್ಬರೂ ಒಪ್ಪಿರಬೇಕು. ಬೇರೆಯಾಗಿ ಎಂದರೆ ಬೇರೆ ಊರೇ ಆಗಬೇಕೆಂದಿಲ್ಲ. ಒಂದೇ ಸೂರಿನಡಿ ಇದ್ದರೂ ಗಂಡಹೆಂಡತಿಯಾಗಿ ಬಾಳುತ್ತಿಲ್ಲವಾದರೆ ಅದು ಬೇರೆ ವಾಸವೇ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿದೆ. ಒಲೆ ಎರಡಾಗಿ ಮನೆ ಒಂದೇ ಉಳಿದ ಕುಟುಂಬಗಳಿಗೆ ಈ ಮಾತು ಮುಖ್ಯ.

ಇಬ್ಬರೂ ಸೇರಿ ಒಂದೇ ಅರ್ಜಿ ಹಾಕುತ್ತಾರೆ. ಬಳಿಕ ಆರು ತಿಂಗಳು ಕಾಯಬೇಕು. ಆರು ತಿಂಗಳು ತುಂಬಿದ ಮೇಲೆ, ಹದಿನೆಂಟು ತಿಂಗಳೊಳಗೆ, ಇಬ್ಬರೂ ಮತ್ತೆ ಬಂದು ನಮ್ಮ ಮಾತು ಬದಲಾಗಿಲ್ಲ ಎನ್ನಬೇಕು. ನ್ಯಾಯಾಧೀಶರು ಇಬ್ಬರನ್ನೂ ವಿಚಾರಿಸಿ, ಒಪ್ಪಿಗೆ ಬಲವಂತದ್ದಲ್ಲ ಎಂದು ಮನವರಿಕೆಯಾದರೆ ಡಿಕ್ರಿ ಕೊಡುತ್ತಾರೆ. ಡಿಕ್ರಿ ಆಗುವ ಕ್ಷಣದವರೆಗೂ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು.

ದುಡುಕಿನಲ್ಲಿ ಬಂದವರು ಮನಸ್ಸು ಬದಲಿಸಲಿ ಎಂಬುದು ಆ ಆರು ತಿಂಗಳ ಉದ್ದೇಶ. ಹತ್ತು ವರ್ಷ ದೂರವಿದ್ದವರಿಗೆ ಅದರಿಂದ ಆಗುವ ಉಪಕಾರವೇನೂ ಇಲ್ಲ. ಇದನ್ನು ಮನಗಂಡೇ ನ್ಯಾಯಮೂರ್ತಿಗಳಾದ ಆದರ್ಶ್ ಕುಮಾರ್ ಗೋಯಲ್ ಮತ್ತು ಉದಯ್ ಉಮೇಶ್ ಲಲಿತ್ ಅವರ ಪೀಠ 2017ರ ಸೆಪ್ಟೆಂಬರ್ 12ರಂದು ಕಾಯುವ ಅವಧಿ ಕಡ್ಡಾಯವಲ್ಲ ಎಂದು ತೀರ್ಪಿತ್ತಿತು. ಅರ್ಜಿ ಹಾಕುವ ಮೊದಲೇ ಒಂದೂವರೆ ವರ್ಷ ಬೇರೆಯಾಗಿದ್ದು, ರಾಜಿಯ ಯತ್ನಗಳು ವಿಫಲವಾಗಿ, ಜೀವನಾಂಶ ಮತ್ತು ಮಕ್ಕಳ ವಿಷಯ ಇತ್ಯರ್ಥವಾಗಿದ್ದರೆ, ವಿಚಾರಣಾ ನ್ಯಾಯಾಲಯವೇ ಆರು ತಿಂಗಳನ್ನು ಮನ್ನಾ ಮಾಡಬಹುದು. ಮೊದಲ ಹಾಜರಿಯ ಒಂದು ವಾರದ ಬಳಿಕ ಅದಕ್ಕೆ ಅರ್ಜಿ ಕೊಡಬಹುದು. ದೀರ್ಘಕಾಲ ದೂರವಿದ್ದ ದಂಪತಿಗೆ ಕಳೆದ ಕೆಲವು ದಶಕಗಳಲ್ಲಿ ಸಿಕ್ಕ ಅತಿ ದೊಡ್ಡ ಅನುಕೂಲ ಇದೇ. ತಾಲ್ಲೂಕು ಮಟ್ಟದಲ್ಲಿ ಇದನ್ನು ತಿಳಿದವರು ಕಡಿಮೆ.

ಎಲ್ಲಿ ಅರ್ಜಿ

ತುಮಕೂರಿನಲ್ಲಿ ಕೌಟುಂಬಿಕ ನ್ಯಾಯಾಲಯವಿದೆ. ಕೌಟುಂಬಿಕ ನ್ಯಾಯಾಲಯದ ವ್ಯಾಪ್ತಿಯಿಲ್ಲದ ಕಡೆ ಇಂಥ ಅರ್ಜಿಗಳನ್ನು ಹಿರಿಯ ಸಿವಿಲ್ ನ್ಯಾಯಾಧೀಶರು ಕೇಳುತ್ತಾರೆ. ಮಧುಗಿರಿಯಲ್ಲಿ ಆ ನ್ಯಾಯಾಲಯವಿದೆ. ಅರ್ಜಿಗೆ ಎಂ.ಸಿ. ಎಂದು ಶುರುವಾಗುವ ನಂಬರು ಬೀಳುತ್ತದೆ. ವಿಚಾರಣೆ ಬಾಗಿಲು ಮುಚ್ಚಿದ ಕೊಠಡಿಯಲ್ಲಿ ನಡೆಯಬೇಕೆಂಬುದು ಕಾನೂನು. ಊರವರೆಲ್ಲ ಬಂದು ಕೇಳುತ್ತಾರೆಂಬ ಅಂಜಿಕೆಗೆ ಕಾರಣವಿಲ್ಲ.

ಮದುವೆ ನಡೆದ ಊರು, ಎದುರುದಾರರು ವಾಸವಿರುವ ಊರು, ಇಬ್ಬರೂ ಕೊನೆಯದಾಗಿ ಒಟ್ಟಿಗೆ ಇದ್ದ ಊರು, ಇವುಗಳಲ್ಲಿ ಯಾವುದರ ನ್ಯಾಯಾಲಯಕ್ಕಾದರೂ ಹೋಗಬಹುದು. 2003ರ ತಿದ್ದುಪಡಿಯ ನಂತರ ಹೆಂಡತಿ ತಾನು ವಾಸವಿರುವ ಊರಿನ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ದೊಡ್ಡೇರಿಯ ತವರಿನಲ್ಲಿರುವ ಹೆಣ್ಣುಮಗಳ ಮದುವೆ ಹಿಂದೂಪುರದ ಛತ್ರದಲ್ಲಿ ನಡೆದಿರಲಿ, ಸಂಸಾರ ಬೆಂಗಳೂರಿನಲ್ಲಿ ನಡೆದಿರಲಿ, ಆಕೆ ಮಧುಗಿರಿಗೆ ಹೋದರೆ ಸಾಕು.

ಗಡಿಯ ತೊಡಕು ಬೇರೆಯೇ ಇದೆ. ಪಾವಗಡ ತಾಲ್ಲೂಕಿನ ಎಲ್ಲೆ ಬಹುಪಾಲು ಆಂಧ್ರಕ್ಕೆ ತಾಗಿದೆ. ಮಡಕಶಿರಾ, ಹಿಂದೂಪುರ, ಪೆನುಕೊಂಡದ ಕಡೆಯಿಂದ ಹೆಣ್ಣು ತರುವುದು, ಅತ್ತ ಕೊಡುವುದು ತಲೆಮಾರುಗಳಿಂದ ಇದೆ. ಗಂಡ ಆ ಕಡೆ ಒಂದು ಅರ್ಜಿ, ಹೆಂಡತಿ ಈ ಕಡೆ ಒಂದು ಅರ್ಜಿ ಹಾಕಿದರೆ, ಒಂದನ್ನು ಇನ್ನೊಂದು ಊರಿಗೆ ವರ್ಗಾಯಿಸುವ ಅಧಿಕಾರ ಎರಡೂ ರಾಜ್ಯದ ಹೈಕೋರ್ಟುಗಳಿಗೆ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಕಲಮಿನಂತೆ ಅದು ಸುಪ್ರೀಂ ಕೋರ್ಟಿನದು. ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದಾದ ಎರಡು ಊರುಗಳ ನಡುವಿನ ವ್ಯಾಜ್ಯಕ್ಕೆ ದೆಹಲಿಯಲ್ಲಿ ವಕೀಲರನ್ನು ಹುಡುಕಬೇಕಾಗುತ್ತದೆ. ಗಡಿ ಭಾಗದ ಕುಟುಂಬಗಳು ಒಪ್ಪಿಗೆಯ ದಾರಿಯನ್ನೇ ಮೊದಲು ಹಿಡಿಯಲು ಇದೊಂದೇ ಕಾರಣ ಸಾಕು.

ಇನ್ನು ಅಕ್ಕನ ಮಗಳು, ಸೋದರಮಾವನ ಮಗಳನ್ನು ತಂದುಕೊಂಡ ಮನೆಗಳು. ಇಲ್ಲಿ ಗಂಡಹೆಂಡತಿ ಬೇರೆಯಾದರೆ ಅಣ್ಣತಂಗಿಯೂ ಬೇರೆಯಾಗಬೇಕಾಗುತ್ತದೆ. ಹಬ್ಬ, ಸಾವು, ಸೂತಕ ಎಲ್ಲವೂ ಇಬ್ಬರನ್ನೂ ಒಂದೇ ಅಂಗಳಕ್ಕೆ ಕರೆಯುತ್ತವೆ. ಇಂಥ ಮನೆಗಳಲ್ಲಿ ನ್ಯಾಯಾಲಯಕ್ಕೆ ಹೋಗುವುದನ್ನು ವರ್ಷವರ್ಷವೂ ಮುಂದೂಡುತ್ತಾರೆ. ಒಬ್ಬರ ಮೇಲೊಬ್ಬರು ದೂರು ಬರೆಯದ ಅರ್ಜಿ ಹೆಚ್ಚು ಬೇಕಾದದ್ದೂ ಇವರಿಗೇ.

ಒಪ್ಪಂದದಲ್ಲಿ ಬರೆಯಬೇಕಾದದ್ದು

ಒಪ್ಪಿಗೆಯ ವಿಚ್ಛೇದನದಲ್ಲಿ ನಿಜವಾದ ಕೆಲಸ ನಡೆಯುವುದು ನ್ಯಾಯಾಲಯದ ಹೊರಗೆ, ಒಪ್ಪಂದ ಬರೆಯುವಾಗ. ಮದುವೆಯಲ್ಲಿ ತವರಿನವರು ಹಾಕಿದ ಒಡವೆ, ಕೊಟ್ಟ ಪಾತ್ರೆ, ಬೀರು, ಮಂಚ ಹೆಂಡತಿಯ ಸ್ವತ್ತು. ಅದನ್ನು ಪಟ್ಟಿ ಮಾಡಿ ಮರಳಿ ಪಡೆಯಬೇಕು. ಮಕ್ಕಳು ಯಾರ ಬಳಿ, ಇನ್ನೊಬ್ಬರು ಯಾವಾಗ ನೋಡಬಹುದು, ಶಾಲೆಯ ಖರ್ಚು ಯಾರದು ಎಂಬುದು ಬರೆದಿರಬೇಕು. ಎರಡೂ ಕಡೆ ಹೂಡಿರುವ ಪೊಲೀಸ್ ಕೇಸು, ಜೀವನಾಂಶದ ಕೇಸು ಏನಾಗುತ್ತವೆ ಎಂಬುದೂ ಅಲ್ಲೇ ತೀರ್ಮಾನವಾಗಬೇಕು. ಹೆಂಡತಿ ತನಗೆ ಏನೂ ಬೇಡವೆಂದು ಬರೆದುಕೊಟ್ಟರೂ ಮಗುವಿನ ಪೋಷಣೆಯ ಹಕ್ಕನ್ನು ಬಿಟ್ಟುಕೊಡುವ ಅಧಿಕಾರ ಆಕೆಗಿಲ್ಲ. ಅದು ಮಗುವಿನದು.

ಹಣದ ವಿಷಯದಲ್ಲಿ ಹಳ್ಳಿಯ ಸಂಸಾರದ ಕಷ್ಟವೇ ಬೇರೆ. ಗಂಡನಿಗೆ ಸಂಬಳದ ಚೀಟಿ ಇರುವುದಿಲ್ಲ. ಜಮೀನು ಅಪ್ಪನ ಹೆಸರಿನಲ್ಲಿರುತ್ತದೆ, ವಿಭಾಗವಾಗಿರುವುದಿಲ್ಲ. ಮಳೆ ನಂಬಿದ ಬೆಳೆಯ ವರಮಾನ ಇಷ್ಟೇ ಎಂದು ಹೇಳಲಾಗದು. ‘ನನಗೇನೂ ಇಲ್ಲ ಸ್ವಾಮಿ’ ಎಂದು ನ್ಯಾಯಾಧೀಶರ ಮುಂದೆ ಕೈಮುಗಿಯುವುದು ಇದರಿಂದಲೇ ಸುಲಭ. ಇದಕ್ಕೆ ಎರಡು ಉತ್ತರಗಳಿವೆ. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆಸ್ತಿ ಮತ್ತು ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ ಸಲ್ಲಿಸಲೇಬೇಕೆಂದು, ಮೊತ್ತವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು ನಿರ್ದೇಶಿಸಿದೆ. ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನಡಿ ಶಾಶ್ವತ ಜೀವನಾಂಶದ ಬಾಕಿಯನ್ನು ಗಂಡನ ಸ್ಥಿರಾಸ್ತಿಯ ಮೇಲೆ ಋಣಭಾರವಾಗಿ ಕೂರಿಸಲೂ ಬರುತ್ತದೆ. ಪಹಣಿಯಲ್ಲಿ ಆ ಭಾರ ದಾಖಲಾದರೆ ಜಮೀನನ್ನು ಸದ್ದಿಲ್ಲದೆ ಮಾರಲು ಆಗುವುದಿಲ್ಲ. ಒಂದೇ ಗಂಟಾಗಿ ಹಣ ಕೊಡಲಾಗದ ಗಂಡನಿಂದ ಕಂತಿನ ಭರವಸೆ ಪಡೆಯುವ ಹೆಣ್ಣುಮಕ್ಕಳು ಈ ಭದ್ರತೆಯನ್ನು ಕೇಳಬೇಕು.

ಡಿಕ್ರಿಯಾದ ಮೇಲೆ ಹೆಂಡತಿ ಗಂಡನ ವಾರಸುದಾರಳಲ್ಲ. ಮಕ್ಕಳು ವಾರಸುದಾರರಾಗಿಯೇ ಉಳಿಯುತ್ತಾರೆ. ಸಹಿ ಹಾಕುವ ಮೊದಲು ಈ ವ್ಯತ್ಯಾಸ ಇಬ್ಬರಿಗೂ ಗೊತ್ತಿರಬೇಕು.

ಒಬ್ಬರು ಒಪ್ಪದಿದ್ದರೆ

ಇಲ್ಲಿಂದ ತಪ್ಪು ಹೊರಿಸುವ ಕಾನೂನು ಶುರುವಾಗುತ್ತದೆ. ದೂರವಿದ್ದೇವೆ ಎಂಬುದಷ್ಟೇ ವಿಚಾರಣಾ ನ್ಯಾಯಾಲಯಕ್ಕೆ ಕಾರಣವಾಗದು. ಎದುರಿನವರು ಸಕಾರಣವಿಲ್ಲದೆ ಎರಡು ವರ್ಷ ತೊರೆದಿದ್ದಾರೆ ಎಂದು ತೋರಿಸಬೇಕು, ಇಲ್ಲವೇ ಕ್ರೌರ್ಯವನ್ನು ತೋರಿಸಬೇಕು. ಹೆಂಡತಿಯನ್ನು ಹೊಡೆದು ಹೊರಗಟ್ಟಿದ ಗಂಡ, ಆಕೆಯೇ ಬಿಟ್ಟುಹೋದಳು ಎಂದು ಬಂದು ನಿಂತರೆ, ತನ್ನ ತಪ್ಪಿನ ಲಾಭ ತಾನೇ ಪಡೆಯುವಂತಿಲ್ಲ ಎಂದು 23ನೇ ಕಲಮು ತಡೆಯುತ್ತದೆ. ಈ ತಡೆ ನ್ಯಾಯವಾದದ್ದೇ.

ಹೆಚ್ಚು ಜನರಿಗೆ ತಿಳಿಯದ ಇನ್ನೊಂದು ದಾರಿ 13(1-ಎ) ಕಲಮಿನದು. ನ್ಯಾಯಾಲಯದಿಂದ ಬೇರೆ ವಾಸದ ಡಿಕ್ರಿ ಅಥವಾ ಕೂಡಿ ಬಾಳಬೇಕೆಂಬ ಡಿಕ್ರಿ ಆಗಿ, ಒಂದು ವರ್ಷ ಕಳೆದರೂ ಇಬ್ಬರೂ ಕೂಡದಿದ್ದರೆ, ಯಾರು ಬೇಕಾದರೂ ವಿಚ್ಛೇದನ ಕೇಳಬಹುದು. ಡಿಕ್ರಿಯನ್ನು ಪಾಲಿಸದೆ ದೂರ ಉಳಿದದ್ದಷ್ಟೇ ತಪ್ಪಾಗದು ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಊರ ಕಡೆ ಹೆಂಡತಿಯನ್ನು ಕಳಿಸಿಕೊಡಿ ಎಂದು ಹಾಕುವ ಕೇಸುಗಳಲ್ಲಿ ಕೆಲವಕ್ಕೆ ಆಕೆಯನ್ನು ಕರೆತರುವ ಉದ್ದೇಶವೇ ಇರುವುದಿಲ್ಲ. ವರ್ಷ ಕಳೆದ ಮೇಲೆ ಈ ಕಲಮನ್ನು ಹಿಡಿಯುವುದೇ ಗುರಿ. ಅಂಥ ಡಿಕ್ರಿಯಾದ ಮೇಲೂ, ಹೋಗದಿರಲು ತಕ್ಕ ಕಾರಣವಿದ್ದರೆ ಹೆಂಡತಿಯ ಜೀವನಾಂಶ ತಪ್ಪುವುದಿಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ದೀರ್ಘ ಅಗಲಿಕೆಯನ್ನೇ ಕ್ರೌರ್ಯವೆಂದು ಎಣಿಸುವ ಪರಿಪಾಠವೂ ಬೆಳೆದಿದೆ. 2007ರಲ್ಲಿ ಸುಪ್ರೀಂ ಕೋರ್ಟ್ ಮಾನಸಿಕ ಕ್ರೌರ್ಯದ ಬಗೆಗಳನ್ನು ವಿವರಿಸುವಾಗ, ಮುರಿದು ವರ್ಷಗಳು ಕಳೆದ ಮದುವೆಯನ್ನು ಕಾನೂನಿನ ದಾರದಲ್ಲಿ ಕಟ್ಟಿಹಾಕುವುದೂ ಕ್ರೌರ್ಯಕ್ಕೆ ದಾರಿಯಾಗಬಹುದು ಎಂದಿತು. ನಾಲ್ಕು ವರ್ಷ ಮಾತ್ರ ಕೂಡಿ ಬಾಳಿ, ಇಪ್ಪತ್ತೈದು ವರ್ಷ ದೂರವಿದ್ದ ದಂಪತಿಯ ಮದುವೆಯನ್ನು 2023ರ ಏಪ್ರಿಲ್‌ನಲ್ಲಿ ಇದೇ ಆಧಾರದ ಮೇಲೆ ಬಿಡಿಸಿತು.

ದೆಹಲಿಯಲ್ಲಿ ಮಾತ್ರ ತೆರೆಯುವ ಬಾಗಿಲು

2023ರ ಮೇ 1ರಂದು ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ನೇತೃತ್ವದ ಐವರ ಸಂವಿಧಾನ ಪೀಠ ಬಹುಕಾಲದ ಗೊಂದಲಕ್ಕೆ ತೆರೆ ಎಳೆಯಿತು. ಮದುವೆ ಮತ್ತೆ ಸರಿಹೋಗದಷ್ಟು ಮುರಿದಿದೆ ಎಂದು ಕಂಡರೆ, ಒಬ್ಬರು ವಿರೋಧಿಸಿದರೂ, ಸಂವಿಧಾನದ 142ನೇ ವಿಧಿಯಡಿ ಸುಪ್ರೀಂ ಕೋರ್ಟ್ ಅದನ್ನು ಬಿಡಿಸಬಹುದು. ಎಷ್ಟು ಕಾಲ ಕೂಡಿ ಬಾಳಿದರು, ಕೊನೆಗೆ ಎಂದು ಒಟ್ಟಿಗಿದ್ದರು, ಪರಸ್ಪರ ಆರೋಪಗಳೇನು, ರಾಜಿಗೆ ಏನೇನು ನಡೆಯಿತು ಎಂಬುದನ್ನೆಲ್ಲ ನೋಡಬೇಕು. ಆರು ವರ್ಷ ಅಥವಾ ಹೆಚ್ಚಿನ ಅಗಲಿಕೆ ಗಮನಿಸಬೇಕಾದ ಅಂಶ ಎಂದು ಪೀಠ ಹೇಳಿತು.

ಸುದ್ದಿ ಹರಡಿದಾಗ ಇನ್ನು ಆರು ವರ್ಷ ಸಾಕು ಎಂದು ಅನೇಕರು ತಿಳಿದರು. ಹಾಗಲ್ಲ. ಇದು ಸುಪ್ರೀಂ ಕೋರ್ಟಿನ ವಿವೇಚನೆ, ಪಕ್ಷಗಾರರ ಹಕ್ಕಲ್ಲ. ನೇರವಾಗಿ ಅಲ್ಲಿಗೆ ರಿಟ್ ಅರ್ಜಿ ಹಾಕುವಂತಿಲ್ಲ ಎಂದು ಅದೇ ತೀರ್ಪು ಹೇಳಿದೆ. ಮಧುಗಿರಿಯ ನ್ಯಾಯಾಲಯಕ್ಕಾಗಲಿ, ತುಮಕೂರಿನ ಕೌಟುಂಬಿಕ ನ್ಯಾಯಾಲಯಕ್ಕಾಗಲಿ, ಬೆಂಗಳೂರಿನ ಹೈಕೋರ್ಟಿಗಾಗಲಿ 142ನೇ ವಿಧಿಯ ಅಧಿಕಾರವಿಲ್ಲ.

ವಿವೇಚನೆ ಎಂದರೇನು ಎಂಬುದು ಅದೇ ವರ್ಷದ ಅಕ್ಟೋಬರ್‌ನಲ್ಲಿ ಗೊತ್ತಾಯಿತು. ಗಂಡನಿಗೆ 89, ಹೆಂಡತಿಗೆ 82. 1984ರಿಂದ ಬೇರೆಯಾಗಿದ್ದರು. ವಿಚ್ಛೇದಿತೆ ಎಂಬ ಹೆಸರು ಹೊತ್ತು ಸಾಯಲು ಇಷ್ಟವಿಲ್ಲ ಎಂದು ಆಕೆ ಹೇಳಿದರು. ಸುಪ್ರೀಂ ಕೋರ್ಟ್ ಆಕೆಯ ಭಾವನೆಯನ್ನು ಮನ್ನಿಸಿ ವಿಚ್ಛೇದನ ನಿರಾಕರಿಸಿತು. ಸುಮಾರು ನಲವತ್ತು ವರ್ಷದ ಅಗಲಿಕೆಯೂ ತಾನಾಗಿ ಮದುವೆಯನ್ನು ಮುಗಿಸಲಿಲ್ಲ.

ಸಂಸತ್ತಿನಲ್ಲಿ ನಿಂತ ಮಸೂದೆ

ಮದುವೆ ಸರಿಹೋಗದಷ್ಟು ಮುರಿದಿದೆ ಎಂಬ ಆಧಾರವನ್ನು ಕಾಯ್ದೆಗೇ ಸೇರಿಸಿ ಎಂದು ಕಾನೂನು ಆಯೋಗ 1978ರ ತನ್ನ 71ನೇ ವರದಿಯಲ್ಲಿ ಹೇಳಿತು. 2006ರಲ್ಲಿ ಸುಪ್ರೀಂ ಕೋರ್ಟ್ ಒತ್ತಾಯಿಸಿತು. 2009ರಲ್ಲಿ ಆಯೋಗ ತನ್ನ 217ನೇ ವರದಿಯಲ್ಲಿ ಅದನ್ನೇ ಮತ್ತೆ ಹೇಳಿತು. 2010ರಲ್ಲಿ ಮಸೂದೆ ಬಂತು. ಮೂರು ವರ್ಷ ದೂರವಿದ್ದರೆ ಒಬ್ಬರೇ ವಿಚ್ಛೇದನ ಕೇಳಬಹುದು, ತನಗೆ ತೀವ್ರ ಆರ್ಥಿಕ ಸಂಕಷ್ಟವಾಗುತ್ತದೆ ಎಂದು ಹೆಂಡತಿ ಅದನ್ನು ವಿರೋಧಿಸಬಹುದು ಎಂಬುದು ಅದರ ತಿರುಳು. 2013ರ ಆಗಸ್ಟ್‌ನಲ್ಲಿ ರಾಜ್ಯಸಭೆ ಒಪ್ಪಿತು. ಲೋಕಸಭೆಯಲ್ಲಿ ಅಂಗೀಕಾರವಾಗದೆ ಬಿದ್ದುಹೋಯಿತು.

ಗಂಡಸರು ಹೆಂಡತಿಯನ್ನು ತವರಿಗಟ್ಟಿ ಮೂರು ವರ್ಷ ಎಣಿಸುತ್ತಾರೆ ಎಂಬ ಭಯ ಸುಳ್ಳಲ್ಲ. ಆದರೆ ಕಾನೂನು ಬಾರದಿದ್ದರಿಂದ ಆ ಹೆಂಗಸರು ಉಳಿದುಕೊಂಡರೇ? ಅಟ್ಟಿದವರು ಅಟ್ಟಿಯೇ ಇದ್ದಾರೆ, ಪಾಲೂ ಇಲ್ಲ, ಬಿಡುಗಡೆಯೂ ಇಲ್ಲ. ಗಂಡನ ಆಸ್ತಿಯಲ್ಲಿ ಹೆಂಡತಿಗೆ ಖಚಿತ ಪಾಲು ಕೊಟ್ಟು ಅದರ ಜೊತೆಗೇ ಈ ಆಧಾರವನ್ನು ತರುವುದು ಸರಿಯಾದ ಕ್ರಮ. ಆಸ್ತಿಯ ಮಾತು ಬಿಟ್ಟು ಬಿಡುಗಡೆಯನ್ನಷ್ಟೇ ತಂದರೆ ಹಳ್ಳಿಯ ಹೆಣ್ಣಿಗೆ ಅನ್ಯಾಯವಾಗುತ್ತದೆ.

ಹೊರದೇಶಗಳು ಬೇರೆ ಬೇರೆ ಹಾದಿ ಹಿಡಿದಿವೆ. ಆಸ್ಟ್ರೇಲಿಯಾದಲ್ಲಿ 1975ರ ಕಾಯ್ದೆಯಿಂದ ಹನ್ನೆರಡು ತಿಂಗಳ ಅಗಲಿಕೆ ಸಾಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2022ರ ಏಪ್ರಿಲ್ 6ರಿಂದ ಕಾರಣವನ್ನೇ ಹೇಳಬೇಕಿಲ್ಲ. ಅಲ್ಲಿ ನೆಲೆಸಿದ ಕನ್ನಡದ ಕುಟುಂಬಗಳು ಒಂದು ಮಾತು ನೆನಪಿಡಬೇಕು. ಇಲ್ಲಿನ ಕಾನೂನಿನಡಿ ಮದುವೆಯಾದವರಿಗೆ ಹೊರದೇಶದ ನ್ಯಾಯಾಲಯ ಕೊಟ್ಟ ವಿಚ್ಛೇದನ, ಇಲ್ಲಿನ ಕಾನೂನು ಒಪ್ಪುವ ಆಧಾರದ ಮೇಲಿರಬೇಕು, ಇಲ್ಲವೇ ಎದುರಿನವರು ಒಪ್ಪಿ ಪಾಲ್ಗೊಂಡಿರಬೇಕು ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿದೆ. ಸಿಡ್ನಿಯಲ್ಲಿ ಒಬ್ಬರೇ ಪಡೆದ ಡಿಕ್ರಿ ತುಮಕೂರಿನಲ್ಲಿ ನಿಲ್ಲುವ ಖಾತರಿಯಿಲ್ಲ.

ಮುಸ್ಲಿಮರು, ಕ್ರೈಸ್ತರು

ಮುಸ್ಲಿಂ ದಂಪತಿಗೆ ಪರಸ್ಪರ ಒಪ್ಪಿ ಬಿಡುವ ಮುಬಾರತ್ ಇದೆ. ಒಪ್ಪದ ಗಂಡನ ವಿರುದ್ಧ ಹೆಂಡತಿಗೆ 1939ರ ಕಾಯ್ದೆಯಿದೆ. ಎರಡು ವರ್ಷ ಪೋಷಣೆ ಕೊಡದಿದ್ದರೆ, ನಾಲ್ಕು ವರ್ಷ ಸುಳಿವಿಲ್ಲದಿದ್ದರೆ ನ್ಯಾಯಾಲಯ ಮದುವೆಯನ್ನು ರದ್ದುಪಡಿಸಬಹುದು. ಕ್ರೈಸ್ತರಿಗೆ ಅನ್ವಯಿಸುವ ವಿಚ್ಛೇದನ ಕಾಯ್ದೆಯ 10-ಎ ಕಲಮು ಎರಡು ವರ್ಷದ ಅಗಲಿಕೆ ಕೇಳುತ್ತಿತ್ತು. ಹಿಂದೂಗಳಿಗೆ ಒಂದು, ಇವರಿಗೆ ಎರಡು ಏಕೆ ಎಂಬ ಪ್ರಶ್ನೆಗೆ, ಅದನ್ನೂ ಒಂದು ವರ್ಷವೆಂದೇ ಓದಿಕೊಳ್ಳಬೇಕೆಂದು ಕರ್ನಾಟಕ ಹೈಕೋರ್ಟ್ ಉತ್ತರಿಸಿದೆ.

ಡಿಕ್ರಿಯಿಲ್ಲದೆ ಉಳಿದರೆ

ಡಿಕ್ರಿಯ ಅಗತ್ಯ ಬಹುಮಂದಿಗೆ ತಿಳಿಯುವುದು ಯಾರಾದರೂ ತೀರಿಕೊಂಡಾಗ. ಇಪ್ಪತ್ತು ವರ್ಷ ದೂರವಿದ್ದರೂ, ಉಯಿಲು ಬರೆಯದೆ ಗಂಡ ಸತ್ತರೆ ಹೆಂಡತಿ ಮೊದಲ ವರ್ಗದ ವಾರಸುದಾರಳು. ವಂಶವೃಕ್ಷದಲ್ಲಿ ಆಕೆಯ ಹೆಸರು ಬಿಟ್ಟು ಪೌತಿ ಖಾತೆ ಮಾಡಿಸಿಕೊಂಡರೆ ಆಕೆ ಪ್ರಶ್ನಿಸಬಹುದು. ಅತ್ತ ಗಂಡನೊಡನೆ ವರ್ಷಗಟ್ಟಲೆ ಸಂಸಾರ ಮಾಡಿದ ಎರಡನೆಯವಳು ಬರಿಗೈಯಲ್ಲಿ ನಿಲ್ಲುತ್ತಾಳೆ. ಅರ್ಧ ಮುಗಿದ ಒಂದು ಮದುವೆಯಿಂದ ಇಬ್ಬರು ಹೆಂಗಸರು ಕೋರ್ಟಿನಲ್ಲಿ ಎದುರುಬದುರಾಗುತ್ತಾರೆ.

ಬದುಕಿರುವಾಗಲೂ ತೊಡಕು ತಪ್ಪದು. ಗೃಹಲಕ್ಷ್ಮಿಯ ಹಣ ಪಡಿತರ ಚೀಟಿಯ ಯಜಮಾನಿಗೆ ಬರುತ್ತದೆ. ತವರಿನ ಚೀಟಿಯಲ್ಲಿ ಯಜಮಾನಿ ತಾಯಿ, ಗಂಡನ ಮನೆಯ ಚೀಟಿಯಲ್ಲಿ ಅತ್ತೆ. ನಲವತ್ತು ದಾಟಿದ ಅವಿವಾಹಿತ, ವಿಚ್ಛೇದಿತ ಬಡ ಮಹಿಳೆಯರಿಗೆ ರಾಜ್ಯದ ಮನಸ್ವಿನಿ ಪಿಂಚಣಿಯಿದೆ, ವಿಚ್ಛೇದಿತೆ ಎನ್ನಲು ದಾಖಲೆ ಬೇಕು. ಡಿಕ್ರಿಯ ದೃಢೀಕೃತ ನಕಲು ಕೈಗೆ ಬಂದ ಮೇಲೆ ಬ್ಯಾಂಕಿನ ನಾಮಿನಿ, ವಿಮೆ, ಚೀಟಿ ಎಲ್ಲದರಲ್ಲೂ ಹೆಸರು ಬದಲಿಸಬೇಕು. ಮತ್ತೆ ಮದುವೆಯಾಗುವವರು ಮೇಲ್ಮನವಿಯ ಅವಧಿ ಮುಗಿಯುವವರೆಗೆ ಕಾಯಬೇಕು. ಒಪ್ಪಿಗೆಯ ಡಿಕ್ರಿಗೆ ಮೇಲ್ಮನವಿ ಇಲ್ಲದ್ದರಿಂದ ಆ ಕಾಯುವಿಕೆಯೂ ತಪ್ಪುತ್ತದೆ.

ಖರ್ಚು ಮತ್ತು ನೆರವು

ವಕೀಲರ ಫೀಸು, ಪ್ರತಿ ವಾಯ್ದೆಗೂ ತಪ್ಪುವ ಕೂಲಿ, ಬಸ್ಸಿನ ಖರ್ಚು ನೆನೆದೇ ಹಲವರು ಹಿಂದೆ ಸರಿಯುತ್ತಾರೆ. ಆದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ, ವರಮಾನ ಎಷ್ಟೇ ಇರಲಿ, ಎಲ್ಲ ಮಹಿಳೆಯರಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಉಚಿತ ವಕೀಲರನ್ನು ಕೊಡಬೇಕು. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಒಂದು ಅರ್ಜಿ ಬರೆದುಕೊಟ್ಟರೆ ಸಾಕು. ಲೋಕ ಅದಾಲತ್ ವಿಚ್ಛೇದನ ಕೊಡುವುದಿಲ್ಲ. ಆದರೆ ಜೀವನಾಂಶ, ಒಡವೆ, ಮಕ್ಕಳ ವಿಷಯವನ್ನು ಅಲ್ಲಿ ಬಗೆಹರಿಸಿಕೊಂಡು ಬಂದರೆ ಒಪ್ಪಿಗೆಯ ಅರ್ಜಿಗೆ ದಾರಿ ಸುಗಮವಾಗುತ್ತದೆ.

ವರ್ಷಗಳಿಂದ ದೂರವಿರುವವರು ಯಾವುದೇ ಕಾಗದಕ್ಕೆ ಸಹಿ ಹಾಕುವ ಮೊದಲು ಅಲ್ಲಿಗೊಮ್ಮೆ ಹೋಗಿ ಕೇಳಬೇಕು. ಹೋಗಲಾಗದವರಿಗೆ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿಯಿದೆ. ಅದರ ಸಂಖ್ಯೆ 15100.